ಲ್ಯಾಪ್‌ಟಾಪಿನ ನಂಬರು ಬದಲಾದದ್ದು

ಕಿರುಗಾವಲು
17-9-2025, ಬುಧವಾರ

ಮೊಮ್ಮಗಳು ಶೋಭಿತಾಗೆ ತಾತ ಮಾದಯ್ಯ ಬರೆಯುವುದು. ಇಲ್ಲಿ ಎಲ್ಲರೂ ಚೆನ್ನಾಗಿದ್ದೀವಿ ಅಂತ ಬರೆಯಬೇಕಂತೆ, ಬರೆದಿದ್ದೀನಿ.

ಹನ್ನೊಂದು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಕೈಲಿ ಕಾಗದ ಬರೆಸ್ತಾ ಇದ್ದೀಯ. ತಪ್ಪಿದ್ದರೆ ನೀನೇ ತಿದ್ದಿ ಓದಿಕೋ. ನೀನು ಚಿಕ್ಕರಸಿನಕೆರೆಯಲ್ಲಿ ನಿನ್ನತ್ತೆ ಮನೆ ಸೇರಿ ಆರು ದಿನ ಆಯಿತು. ನಿನ್ನವ್ವ ನನಗೆ ಸಾರು ಬಡಿಸುವಾಗ ಮುಖ ಅತ್ತ ತಿರುಗಿಸ್ತಾಳೆ.

ಅವತ್ತು ನೀನು ಜಗಲಿ ಮೇಲೆ ಕೂತು ಲ್ಯಾಪ್‌ಟಾಪಿನ ಕಪ್ಪು ಪರದೆ ತುಂಬಾ ಬಿಳೀ ಅಕ್ಷರ ಕುಟ್ಟುತ್ತಿದ್ದೆ. ಏನವ್ವಾ ಅದು ಅಂತ ಕೇಳಿದ್ದಕ್ಕೆ, ವೈಫೈ ನಂಬರು ಬದಲಾಯಿಸ್ತಿದ್ದೀನಿ ತಾತ ಅಂದೆ ನೀನು. ನಂಬರು ಬದಲಾಯಿಸೋದನ್ನ ನಾನು ಒಂದೇ ಸಲ ಕಂಡಿರೋದು. ನನ್ನ ಭಾಮೈದ ಸಿದ್ದರಾಜು ಅಗ್ಗಕ್ಕೆ ಸಿಕ್ತು ಅಂತ ಬೈಕು ತಂದ. ಇಂಜಿನ್ ನಂಬರು ಉಜ್ಜಿ ಬೇರೆ ಹೊಡೆದಿದ್ದರು, ಕದ್ದ ಮಾಲು. ಎರಡು ವರ್ಷ ಇಬ್ಬರೂ ಸ್ಟೇಷನ್ನಿಗೆ ಅಲೆದೆವು. ನೀನು ತಂದ ಲ್ಯಾಪ್‌ಟಾಪೂ ಸೆಕೆಂಡ್ ಹ್ಯಾಂಡು. ಅದಕ್ಕೇ ಬೈದೆ. ಕಳ್ಳಿ ಅಂತಲೂ ಅಂದುಬಿಟ್ಟೆ.

ಆಮೇಲೆ ಕೇಬಲ್ ರಾಜೇಂದ್ರನನ್ನ ಕೇಳಿದೆ. ಒಂದೊಂದು ವೈಫೈಗೂ ಒಂದು ನಂಬರು ಇರುತ್ತೆ, ಲ್ಯಾಪ್‌ಟಾಪಿನ ಒಳಗಿನದು ಕೆಟ್ಟೋಗಿದೆ, ಅದಕ್ಕೆ ಹೊರಗಿಂದ ಉಗುರಿನಷ್ಟು ವೈಫೈ ಡಾಂಗಲ್ ಸಿಕ್ಕಿಸಿದ್ದಾಳೆ, ಮಳವಳ್ಳಿ ರೀಡಿಂಗ್ ರೂಮಿನವರು ಹಳೇ ನಂಬರು ಬರೆದುಕೊಂಡಿರೋದರಿಂದ ಹೊಸದನ್ನ ಒಳಕ್ಕೆ ಬುಡಲ್ಲ, ಅದಕ್ಕೇ ಹೊಸದಕ್ಕೆ ಹಳೇ ನಂಬರು ಕೊಟ್ಟಿದ್ದಾಳೆ ಅಂದ. ಉಳಿ ಸುತ್ತಿಗೆ ಬೇಡವೇನಯ್ಯಾ ಅಂದೆ. ವೈಫೈ ಆಫ್ ಮಾಡಿ, ಒಂದು ಸಾಲು ಬರೆದು, ಆನ್ ಮಾಡಿದರೆ ಆಯಿತಂತೆ. ಲ್ಯಾಪ್‌ಟಾಪು ಆರಿಸಿ ಹಾಕಿದರೆ ಡಾಂಗಲ್ಲಿನ ಸ್ವಂತ ನಂಬರೇ ವಾಪಸ್ ಬರುತ್ತಂತೆ. ಹಂಗಾದರೆ ಬದಲಾಗಿದೆಯೋ ಇಲ್ಲವೋ? ಎರಡೂ ಹೌದು ಅಂತಾನೆ. ಅವನಿಗೂ ಬೈದು ಬಂದೆ.

ರೀಡಿಂಗ್ ರೂಮು ನೋಡಿಕೊಳ್ಳೋ ಇಂದ್ರಮ್ಮನವರನ್ನ ಕಂಡೆ. ನಂಬರು ಸೇರಿಸೋನು ಮೈಸೂರಿಂದ ತಿಂಗಳಿಗೊಮ್ಮೆ ಬರೋದು, ಅಲ್ಲೀತನಕ ಹಂಗೇ ಮಾಡ್ಕೊ ಅಂತ ನಾನೇ ಹೇಳಿದ್ದು ಅಂದರು. ಆದರೆ ಲ್ಯಾಪ್‌ಟಾಪು ಕದ್ದದ್ದು ಅಂತ ಯಾರೋ ದೂರು ಬರೆದುಕೊಟ್ಟು, ಕಮಿಟಿಯವರು ನಿನ್ನ ಹೆಸರು ಹೊಡೆದುಹಾಕಿದ್ದಾರೆ. ಭಾನುವಾರ ನೀನು ಅಲ್ಲೇ ಕೂತು ಸ್ಕಾಲರ್‌ಶಿಪ್ ಪರೀಕ್ಷೆ ಬರೆಯಬೇಕು, ಮನೇಲಿ ನೆಟ್ಟು ನಿಲ್ಲಲ್ಲ. ದೂರು ಕೊಟ್ಟೋರೇ ಬರೆದು ವಾಪಸ್ ತಗೊಂಡರೆ ಒಳಕ್ಕೆ ಬಿಡ್ತಾರಂತೆ. ಊರಲ್ಲಿ ಹೊಟ್ಟೆಕಿಚ್ಚಿನ ಜನ ಇರ್ತಾರೆ ಕಣವ್ವ.

ಬಾ. ಸಿಟ್ಟಿಗೆ ಊಟ ಬಿಡಬೇಡ.

ಬೈದ ಬಾಯಲ್ಲೇ ಕರೆಯುತ್ತಿರುವ,
ನಿನ್ನ ತಾತ
ಮಾದಯ್ಯ

ಇನ್ನೊಂದು ಮಾತು: ಹೊಟ್ಟೆಕಿಚ್ಚಿನವರು ಯಾರೂ ಅಲ್ಲ. ದೂರು ಕೊಟ್ಟವನು ನಾನು. ಪೊಲೀಸಿನವರು ಬರೋ ಮುಂಚೆ ನಾವೇ ಹೇಳಿಬಿಟ್ಟರೆ ನಿನ್ನ ಬುಡ್ತಾರೆ ಅಂದುಕೊಂಡೆ. ನಿನ್ನೆ ಇಂದ್ರಮ್ಮ ಬಿಳೀ ಹಾಳೆ ಮುಂದಿಟ್ಟರು. ಓದೋಕೆ ಬಂದವರೆಲ್ಲ ನೋಡ್ತಿದ್ದರು. ಬಸ್ಸಿಗೆ ಹೊತ್ತಾಯಿತು ಅಂತ ಬರೆಯದೆ ಎದ್ದು ಬಂದೆ. ಈಗ ಬರೀತೀನಿ. ಲ್ಯಾಪ್‌ಟಾಪು ಕದ್ದದ್ದಲ್ಲ. ಗೊತ್ತಿಲ್ಲದೆ ಕೊಟ್ಟ ದೂರು, ವಾಪಸ್ ತಗೊಂಡಿದ್ದೀನಿ. ಮಾದಯ್ಯ. ಬೇರೆ ಹಾಳೆ ಬೇಡ, ಈ ಕಾಗದವನ್ನೇ ಇಂದ್ರಮ್ಮನವರ ಕೈಗೆ ಕೊಡು. ಮೇಲಿರೋದನ್ನೂ ಓದಿಕೊಳ್ಳಲಿ.