ತೊಳೆದು ಹಿಂತಿರುಗಿಸಿದ ಬಾಟಲಿ

ಮಾನ್ಯ ಆಸ್ಪತ್ರೆ ಆಡಳಿತಾಧಿಕಾರಿಗಳೇ,

ನಮ್ಮ ಅತ್ತೆ ಮುದ್ದಮ್ಮನವರ ಕುತ್ತಿಗೆಯಿಂದ ತಮ್ಮ ವೈದ್ಯರು ತೆಗೆದ ಗಂಟು ಈಗ ಚಿಕ್ಕಯ್ಯನಛತ್ರದ ನಮ್ಮ ಹಿತ್ತಲಿನ ನುಗ್ಗೆಮರದ ಬುಡದಲ್ಲಿದೆ. ಅದರ ಪರೀಕ್ಷಾ ವರದಿ ತನ್ನಿ, ಇಲ್ಲದಿದ್ದರೆ ಮುಂದೆ ನೋಡುವುದಿಲ್ಲ ಎನ್ನುತ್ತಿದ್ದೀರಿ. ವರದಿ ಕೊಡಬೇಕಾದದ್ದು ನುಗ್ಗೆಮರ. ಅದು ಇನ್ನೂ ಕೊಟ್ಟಿಲ್ಲ.

ಇದು ಬಹಿರಂಗ ಪತ್ರವಾದ್ದರಿಂದ ಆಸ್ಪತ್ರೆಯ ಹೆಸರನ್ನಾಗಲಿ, ಅದು ನಂಜನಗೂಡಿನದೋ ಟಿ. ನರಸೀಪುರದ್ದೋ ಎಂಬುದನ್ನಾಗಲಿ ನಾನು ಬರೆಯುವುದಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ನೋಡಿಕೊಳ್ಳಲಿ.

ಶಸ್ತ್ರಚಿಕಿತ್ಸೆಯ ಬಗ್ಗೆ ದೂರಿಲ್ಲ. ವರ್ಷಗಟ್ಟಲೆ ಸುಮ್ಮನಿದ್ದ ಗಂಟು ಈಚೆಗೆ ಗಟ್ಟಿಯಾಗಿ, ರವಿಕೆ ತಾಗಿದರೂ ಉರಿಯುತ್ತಿತ್ತು. ವೈದ್ಯರು ಮರಗಟ್ಟಿಸುವ ಸೂಜಿ ಚುಚ್ಚಿ, ಅಚ್ಚುಕಟ್ಟಾಗಿ ತೆಗೆದು ಹೊಲಿಗೆ ಹಾಕಿದರು. ನನ್ನನ್ನು ಔಷಧಿ ತರಲು ಹೊರಗೆ ಕಳಿಸಿದ್ದರು. ಆ ಹೊತ್ತಿನಲ್ಲಿ ತಮ್ಮ ಸಿಬ್ಬಂದಿಯೊಬ್ಬರು ಗಂಟನ್ನು ಘಾಟು ಮೂಗಿಗೆ ಹೊಡೆಯುವ ಔಷಧಿ ನೀರು ತುಂಬಿದ ಬಾಟಲಿಗೆ ಹಾಕಿ, "ಇದು ನಿಮ್ದಮ್ಮಾ, ತಗೊಳ್ಳಿ" ಎಂದು ಅತ್ತೆಯ ಕೈಗಿಟ್ಟರಂತೆ. ನಿಜ, ಅದು ಅವರದೇ. ಅದನ್ನು ಮೈಸೂರಿನ ಪ್ರಯೋಗಾಲಯಕ್ಕೆ ಒಯ್ಯಬೇಕು, ಕ್ಯಾನ್ಸರ್ ಇದೆಯೇ ಎಂದು ಅಲ್ಲಿ ನೋಡುತ್ತಾರೆ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಅತ್ತೆ ಬಾಟಲಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಬಸ್ಸು ಹತ್ತಿದರು. ನನಗೂ ತೋರಿಸಲಿಲ್ಲ.

ನಮ್ಮ ಕಡೆ ಮೈಯಿಂದ ಬೇರೆಯಾದದ್ದನ್ನು ಎಲ್ಲೆಂದರಲ್ಲಿ ಬಿಸಾಡುವುದಿಲ್ಲ. ಹೆರಿಗೆಯ ಮಾಸನ್ನೂ ಹಿತ್ತಲಲ್ಲೇ ಹೂಳುತ್ತಿದ್ದರು. ತಮ್ಮ ಮಕ್ಕಳ ಮಾಸು ಹೂತ ಜಾಗದಲ್ಲೇ ಅತ್ತೆ ಗಂಟಿಗೂ ಗುಂಡಿ ತೆಗೆದು, ಅರಿಶಿನ ಕುಂಕುಮ ಹಾಕಿ, ನಾಯಿ ಕೆದಕದಂತೆ ಕಲ್ಲಿಟ್ಟರು. ಬಾಟಲಿಯನ್ನು ಹೂಳಲಿಲ್ಲ. ಅದು ಸರ್ಕಾರದ್ದು.

ಹೊಲಿಗೆ ಬಿಚ್ಚಿಸಲು ಹೋದ ದಿನ ಅದನ್ನು ವೈದ್ಯರ ಮೇಜಿನ ಮೇಲಿಟ್ಟರು.

"ತಗಳಿ ಸಾ, ನಿಮ್ ಬಾಟ್ಲಿ. ಬಿಸ್ನೀರಲ್ಲಿ ತೊಳ್ದಿವ್ನಿ."

"ಒಳಗಿದ್ದದ್ದು ಎಲ್ಲಮ್ಮಾ?"

"ಮಣ್ಮಾಡ್ದೆ ಕಣ್ ಸಾ."

ವೈದ್ಯರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಸ್ವಚ್ಛತೆಯಲ್ಲಿ ಲೋಪ ಕಾಣಲಿಲ್ಲ. ಕ್ಯಾನ್ಸರ್ ಎಂಬ ಮಾತು ನಮ್ಮ ಕಿವಿಗೆ ಮೊದಲು ಬಿದ್ದದ್ದು ಆಗಲೇ, ಅದೂ ಬೈಗುಳದ ಜೊತೆ: "ಕ್ಯಾನ್ಸರ್ ಗಂಟಾಗಿದ್ರೆ ಏನ್ಮಾಡ್ತೀರಿ? ಅಷ್ಟೂ ಬುದ್ಧಿ ಬೇಡ್ವಾ?" ಬುದ್ಧಿ ಬೇಕು, ಒಪ್ಪಿದೆ. ಯಾರಿಗೆ ಎಂಬುದಷ್ಟೇ ಪ್ರಶ್ನೆ. ಬಾಟಲಿ ಕೊಡಲು ಸಿಬ್ಬಂದಿ ಇರುವ ಕಡೆ, ಬಾಯಿ ತೆರೆಯಲು ಬೇರೆ ಹುದ್ದೆ ಮಂಜೂರಾಗಬೇಕೇ?

ಮನೆಗೆ ಬಂದು ಅಗೆದು ನೋಡಿದೆವು. ಮಣ್ಣು ತನ್ನ ಕೆಲಸ ಮುಗಿಸಿತ್ತು. ಅಂದಿನಿಂದ ಅತ್ತೆಯ ಕೈ ಮತ್ತೆ ಮತ್ತೆ ಕುತ್ತಿಗೆಗೆ ಹೋಗುತ್ತದೆ. ಮೊನ್ನೆ ಅವರೆಕಾಯಿ ಬಿಡಿಸುತ್ತಾ ಕೇಳಿದರು: "ರೋಜಾ, ನಾನು ಊತಿದ್ದು ಬರೀ ಗಂಟೇನವ್ವಾ?" ನನಗೆ ಗೊತ್ತಿಲ್ಲ. ಸಿಟ್ಟಿಗಿಂತ ಹೆಚ್ಚು ಭಯವಾಗುತ್ತಿದೆ, ಮಾನ್ಯರೇ.

ಆದ್ದರಿಂದ ವರದಿಯ ಹಟ ಬಿಟ್ಟು ಅವರ ಕುತ್ತಿಗೆಯನ್ನು ಮತ್ತೆ ಪರೀಕ್ಷಿಸಿ. ಆ ಜಾಗದಿಂದ ಇನ್ನೊಂದು ತುಣುಕು ತೆಗೆಯಬೇಕಿದ್ದರೆ ತೆಗೆದು, ತಾವೇ ಮೈಸೂರಿಗೆ ಕಳಿಸಿ. ಮುಂದೆ ಯಾರ ಕೈಗೆ ಬಾಟಲಿ ಕೊಟ್ಟರೂ, ಅದು ಎಲ್ಲಿಗೆ, ಯಾಕೆ ಹೋಗಬೇಕೆಂದು ಕನ್ನಡದಲ್ಲಿ ಒಂದು ಮಾತು ಹೇಳಿಸಿ. ಬಾಟಲಿಗೆ ಕೊರತೆಯಿದ್ದರೆ, ಅತ್ತೆ ತೊಳೆದುಕೊಟ್ಟದ್ದು ತಮ್ಮಲ್ಲೇ ಇದೆ. ನಮಗೆ ಇನ್ನೊಂದು ಗುಂಡಿ ತೆಗೆಯುವ ಆಸೆಯಿಲ್ಲ.

ಇಂತಿ,
ನುಗ್ಗೆಮರದ ವರದಿಗೆ ಕಾದು ಸೋತ
ರೋಜಾ,
ಮುದ್ದಮ್ಮನವರ ಸೊಸೆ, ಚಿಕ್ಕಯ್ಯನಛತ್ರ