ಬಾಲದ ತುದಿಯಲ್ಲಿ ಕಣ್ಣು

ಆಗಸ್ಟ್ 9, ಕುನ್‌ಮಿಂಗ್
ಮತ್ತೆ ಅದೇ ಹಳದಿ ಕಲ್ಲು, ಸೂಜಿ, ಮೈಕ್ರೋಸ್ಕೋಪ್. ಕತ್ತು ನೋವು. ಮು ಛೆಂಗ್ ಕಲ್ಲಲ್ಲಿ ಸಿಕ್ಕ ತನ್ನ ಹೊಸ ಜೀವಿಯ ಫೋಟೋ ಕೊಟ್ಟು ಹೋದ. ಇಬ್ಬರೂ ಒಂದೇ ಗುರುವಿನ ಬಳಿ ಕಲಿತವರು, ನಾನು ಹಿರಿಯಳು.

"ಅಕ್ಕ, ಒಂದ್ಸಲ ನೋಡಿಬಿಡು. ಬರೋ ಸೋಮವಾರ ಪ್ರಬಂಧ ಕಳಿಸ್ತೀನಿ. ಪ್ರಮೋಷನ್ ಆದ್ರೆ ನಿಂಗೆ ಅಣಬೆ ಸಾರಿನ ಊಟ."

"ನಿನ್ನ ಊಟಕ್ಕೆ ಕಾದೂ ಕಾದೂ ನಾನೇ ಪಳೆಯುಳಿಕೆ ಆಗಿದೀನಿ."

ಸಂಜೆ ನೋಡಿದೆ. ಹಳೆಯ ಸಮುದ್ರದ ಕೆಸರಲ್ಲಿ ಹೂತುಹೋದ, ಕೀಲುಗಾಲಿನ ಪ್ರಾಣಿ. ಒಂದು ತುದಿಯಲ್ಲಿ ಚೆಂದದ ಎರಡು ಕಣ್ಣು. ಕಲ್ಲಿನ ಮೂಲೆಯಲ್ಲಿ ಕೊಕ್ಕೆಯಂಥ ಕೆಂಪು ಕಲೆ. ಇದನ್ನು ಎಲ್ಲೋ ಕಂಡಿದ್ದೇನೆ...

ಆಗಸ್ಟ್ 10
ಕಂಡಿರುವುದು ನನ್ನದೇ ಕಪಾಟಿನಲ್ಲಿ. ಅದೇ ಕಲೆ, ಎಡಬಲ ಅದಲುಬದಲು. ಕಲ್ಲು ಸೀಳಿದರೆ ಪ್ರಾಣಿ ಎರಡೂ ಹೋಳಿಗೆ ಅಂಟಿಕೊಳ್ಳುತ್ತದೆ. ಒಂದು ಹೋಳು ಹಿಂದೆಯೇ ನನಗೆ ಬಂದಿತ್ತು, ಹೆಸರಿಟ್ಟು ಪ್ರಕಟಿಸಿದ್ದೆ. ಇನ್ನೊಂದು ಯಾವುದೋ ಪೆಟ್ಟಿಗೆಯಲ್ಲಿ ಬಿದ್ದಿದ್ದು, ಈಗ ಅವನ ಕೈಗೆ. ಮೊದಲಿಟ್ಟ ಹೆಸರೇ ಉಳಿಯಬೇಕೆಂಬುದು ನಿಯಮ. ಅವನ ಹೊಸ ಜೀವಿ ಹೊಸದಲ್ಲ.

ಅಷ್ಟೇ ಆಗಿದ್ದರೆ ಓಡಿಹೋಗಿ ಹೇಳುತ್ತಿದ್ದೆ. ಆದರೆ ಆ ಕಣ್ಣುಗಳಿರುವುದು ನಾನು ಬಾಲ ಎಂದು ಬರೆದ ತುದಿಯಲ್ಲಿ; ನನ್ನ ಹೋಳಿನಲ್ಲಿ ಅವು ಉಳಿದಿರಲೇ ಇಲ್ಲ. ಪಠ್ಯಪುಸ್ತಕಗಳಲ್ಲೆಲ್ಲ ನನ್ನ ಚಿತ್ರವೇ ಇದೆ — ಪ್ರಾಣಿ ಹಿಮ್ಮುಖ ಈಜುತ್ತಿದೆ.

ಆಗಸ್ಟ್ 12, ಮಧ್ಯಾಹ್ನ
ಹೇಳಲಿಲ್ಲ. ಕ್ಯಾಂಟೀನಿನಲ್ಲಿ ಅಕ್ಕಿ ಶಾವಿಗೆ ತಿನ್ನುವಾಗ ಎದುರಿಗೇ ಕೂತ.

"ಏನಕ್ಕ, ಮುಖ ಸುಟ್ಟ ಬದನೆಕಾಯಿ ಆಗಿದೆ. ಫೋಟೋ ನೋಡಿದ್ಯಾ?"

"ಪುರುಸೊತ್ತಾಗ್ಲಿಲ್ಲ ಕಣೋ."

ಸುಳ್ಳು. ಕೋಣೆಗೆ ಬಂದು ಕೂತೆ, ಎದ್ದೆ, ಮತ್ತೆ ಕೂತೆ. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತದೆ, ಯಾರಾದರೂ ಹೋಳು ಜೋಡಿಸುವವರೆಗೆ. ಆಗ ಅವನೂ ನಗೆಪಾಟಲು. ನನ್ನ ಮೇಲೆ ನನಗೇ ಹೇಸಿಗೆ.

ಆಗಸ್ಟ್ 15
ಕಲ್ಲನ್ನು ಟವೆಲಿನಲ್ಲಿ ಸುತ್ತಿಕೊಂಡು ಅವನ ಕೋಣೆಗೆ ಹೋದೆ. ಅವನ ಹೋಳಿನ ಮೇಲಿಟ್ಟೆ. ಡಬ್ಬಿಗೆ ಮುಚ್ಚಳ ಕೂತ ಹಾಗೆ ಕೂತಿತು. ಎತ್ತಿದ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ, ಕುರ್ಚಿಯಲ್ಲಿ ಕುಸಿದ.

"ಯಾವಾಗ ಗೊತ್ತಾಯ್ತು?"

"ಮಂಗಳವಾರ."

"ಇವತ್ತು ಭಾನುವಾರ, ಅಕ್ಕ."

"ಹೌದು."

ಫ್ಲಾಸ್ಕಿನಿಂದ ಚಹಾ ಬಗ್ಗಿಸಿದ, ತನಗೆ ಮಾತ್ರ. ಅರ್ಧ ಕುಡಿದ ಮೇಲೆ ನನಗೂ ಒಂದು ಲೋಟ ತಳ್ಳಿದ.

"ಹೋಗ್ಲಿ ಬಿಡು. ಹೆಸರು ನಿಂದೇ ಉಳಿಯತ್ತೆ. ತಲೆ ಮಾತ್ರ ನಂದು."

ನಗು ಬಂತು, ಅಳುವೂ ಬಂತು.

ಆಗಸ್ಟ್ 16
ಅವನು ಪ್ರಬಂಧ ಕಳಿಸಲಿಲ್ಲ. ಪ್ರಮೋಷನ್ ಈ ವರ್ಷ ಇಲ್ಲ. ನನ್ನ ಹಳೆಯ ಪ್ರಬಂಧಕ್ಕೆ ತಿದ್ದುಪಡಿ ಇಬ್ಬರ ಹೆಸರಲ್ಲಿ, ಅವನದೇ ಮೊದಲು — ನಾನೇ ಹಠ ಹಿಡಿದೆ. ಮೊದಲ ವಾಕ್ಯ ಮಾತ್ರ ನಾನೇ ಬರೆಯಬೇಕಂತೆ. ಬೆಳಗಿನಿಂದ ಕೂತಿದ್ದೇನೆ.

"ಈ ಹಿಂದೆ ನಾನು ತಲೆ ಎಂದು ವಿವರಿಸಿದ ಭಾಗವು..."