ಯಾಕೆ ಅಂತ ಕೇಳಬಾರದು

ಜೂನ್ 4, ಬುಧವಾರ

ಕೇಳದೆ ಹೇಗೆ ಮೇಡಂ? ನಿಮ್ಮ ಎದುರು ಬಾಯಿ ಬರಲಿಲ್ಲ, ಇಲ್ಲಿ ಹೇಳುತ್ತೇನೆ. ಡಾಕ್ಟರ್ ಹತ್ತಿರ ಹೋದರೆ ಎಲ್ಲಿ ನೋವು ಅಂತ ಕೇಳುವುದಿಲ್ಲವಾ? ಶಿರಾ ಗೇಟ್‌ನಲ್ಲಿ ಮೊಬೈಲ್ ಅಂಗಡಿಯಲ್ಲಿದ್ದಾಗ ನಾನೇ ಕೇಳುತ್ತಿದ್ದೆ — ನೀರಿಗೆ ಬಿತ್ತಾ, ನೆಲಕ್ಕೆ ಬಿತ್ತಾ. ಕೇಳದೆ ಬಿಚ್ಚಿದರೆ ಏನು ಗೊತ್ತಾಗುತ್ತದೆ?

ನೀವು ಹೇಳಿದ್ದು: "ನಯೀಮ್, ಲೈಬ್ರರೀಲಿ ಏನು ಬೇಕು ಅಂತ ಕೇಳು. ಯಾಕೆ ಬೇಕು ಅಂತ ಕೇಳ್ಬೇಡ. ಪುಟ ತೆಗೆದು ತೋರ್ಸು. ಓದಕ್ಕೆ ಬರದಿದ್ರೆ ಓದಿ ಹೇಳು. ಹಿಂಗ್ ಮಾಡಿ, ಅಲ್ಲಿಗೆ ಹೋಗಿ ಅಂತ ಮಾತ್ರ ಹೇಳ್ಬೇಡ. ನಾವು ಲಾಯರ್ ಅಲ್ಲ."

ಸರಿ. ನಡೆದದ್ದು ಬರೆದಿಡುತ್ತೇನೆ.

ಊಟದ ಹೊತ್ತು. ಒಬ್ಬ ಹೆಂಗಸು ಬಂದರು. ರೇವಮ್ಮ. ಮೂವತ್ತೈದು ದಾಟಿರಬಹುದು. ವಸಂತನರಸಾಪುರದಲ್ಲಿ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಅಡುಗೆ ಕೆಲಸ. ಗಂಡ ಸತ್ತು ಎಂಟು ವರ್ಷ — ಕುಣಿಗಲ್ ಕಡೆ ಹಳ್ಳಿ, ಮನೆಯಲ್ಲೇ ಸತ್ತದ್ದು. ಯಾರೂ ಬರೆಸಿಲ್ಲ. ಈಗ ಡೆತ್ ಸರ್ಟಿಫಿಕೇಟ್ ಬೇಕು. ಊರಿನ ಕಚೇರಿಯಲ್ಲಿ ಕೇಳಿದರೆ ವರ್ಷ ದಾಟಿದೆ, ಆರ್ಡರ್ ತಗೊಂಡು ಬಾ ಅಂದರಂತೆ. ಯಾರ ಆರ್ಡರ್ ಅಂತ ಹೇಳಿಲ್ಲ.

ನಾನು ಕೇಳಿದೆ, "ಎಂಟ್ ವರ್ಷ ಸುಮ್ನಿದ್ದು ಈಗ್ಯಾಕಕ್ಕ?"

ನನ್ನ ಗಂಟಲು ಮೊದಲೇ ದೊಡ್ಡದು. ಹಾಲ್‌ನಲ್ಲಿ ಫ್ಯಾನ್ ಸದ್ದು ಬಿಟ್ಟರೆ ಏನಿಲ್ಲ. ಪೇಪರ್ ಓದುತ್ತಿದ್ದವರೆಲ್ಲ ತಲೆ ಎತ್ತಿದರು. ಆಕೆ ಸೆರಗು ಹೊದ್ದುಕೊಂಡು "ಬೇಕಿತ್ತು ಕಣಪ್ಪ" ಅಂದರು. ಅಷ್ಟೇ.

ಕಪಾಟಿನಿಂದ ಜನನ ಮರಣ ನೋಂದಣಿ ಪುಸ್ತಕ ತೆಗೆದೆ. ಪುಟ ಬೇಗ ಸಿಕ್ಕಿತು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ. ಓದಿ ಹೇಳಿದೆ. ಕುಣಿಗಲ್ ಕೋರ್ಟಿಗೆ ಹೋಗಿ ಅಕ್ಕ, ಅಲ್ಲಿ ಕೊಡ್ತಾರೆ — ಅಂತಲೂ ಹೇಳಿದೆ. ಆಕೆ ಕೈ ಮುಗಿದು ಹೋದರು. ತಿರುಗಿದರೆ ಹಿಂದೆ ನಮ್ಮ ಲೈಬ್ರರಿಯನ್ ಶಾಂತಲಾ ಮೇಡಂ. ಆ ಮಾತು ಹೇಳಿದ್ದು ಆಗಲೇ.

ಪೇಪರ್ ಟೇಬಲ್ಲಿನ ಸದಾಶಿವಯ್ಯನವರು ರಿಟೈರ್ ಆದ ಕಂಡಕ್ಟರ್. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲಿರುತ್ತಾರೆ. ಮೇಡಂ ಹೋದ ಮೇಲೆ ಕನ್ನಡಕದ ಮೇಲಿಂದ ನೋಡಿದರು. "ಎಸ್ಸೆಲ್ಸಿ ಲಾಯರ್ ಸಾಬ್ರು ಫೀಸ್ ಎಷ್ಟ್ ಇಟ್ಟವ್ರೆ?"

ಓದಲು ಬಾರದವರಿಗೆ ಓದಿ ಹೇಳಿ, ಆಮೇಲೆ ಸುಮ್ಮನೆ ಮುಖ ನೋಡುತ್ತಾ ನಿಲ್ಲಬೇಕಾ? ಇದು ನನ್ನ ಕೈಲಾಗುವ ಕೆಲಸವಲ್ಲ.


ಜೂನ್ 8, ಭಾನುವಾರ

ಬಕ್ರೀದ್ ಮುಗಿಯಿತು. ಮನೆ ತುಂಬ ನೆಂಟರು. ದೊಡ್ಡಪ್ಪನ ಮಗ ತೌಹೀದ್ ಬಂದಿದ್ದ. ಅವನ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಖಾಲಿ ಇದೆಯಂತೆ. "ಪುಸ್ತಕದ ಧೂಳು ಎಷ್ಟ್ ದಿನ ಕುಡಿತೀಯೋ?"

ಅಮ್ಮಿ ಅಡುಗೆ ಮನೆಯಿಂದಲೇ — "ಅವ್ನು ಎಲ್ಲಿಗಾದ್ರೂ ಹೋಗ್ಲಿ. ಹೋದ್ ಕಡೆ ಒಂದ್ ವರ್ಷ ನಿಲ್ಲೋದ್ ಕಲೀಲಿ."

ನಾಳೆ ರಜಾ. ಯೋಚಿಸುತ್ತೇನೆ.


ಜೂನ್ 17, ಮಂಗಳವಾರ

ರೇವಮ್ಮ ಬಂದಿದ್ದರು. ಟೇಬಲ್ ಹತ್ತಿರ ಬರಲಿಲ್ಲ. ಬಾಗಿಲ ಹತ್ತಿರವೇ ನಿಂತು ಕೈ ಸನ್ನೆ ಮಾಡಿದರು. ಹೋದೆ.

ಕುಣಿಗಲ್ ಕೋರ್ಟಿಗೆ ಎರಡು ಸಲ ಹೋಗಿದ್ದಾರೆ. ಕೆಲಸಕ್ಕೆ ರಜೆ ಹಾಕಿ. ಮೊದಲ ಸಲ ಯಾರೋ ಅರ್ಜಿ ಬರೆದುಕೊಟ್ಟ, ದುಡ್ಡು ತಗೊಂಡ. ಎರಡನೇ ಸಲ ಕೌಂಟರಿನಲ್ಲಿ ವಾಪಸ್ ಕೊಟ್ಟರು. ಇದು ಈಗ ಕೋರ್ಟಿಗೆ ಬರುವುದಿಲ್ಲ, ಇಲ್ಲೇ ತುಮಕೂರಿನ ಎಸಿ — ಅಸಿಸ್ಟೆಂಟ್ ಕಮಿಷನರ್ — ಆಫೀಸಿಗೆ ಹೋಗಬೇಕು. ಕಾನೂನು ಬದಲಾಗಿ ಆಗಲೇ ಬಹಳ ದಿನವಾಯಿತಂತೆ.

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ.

"ನೀನ್ ಸರಿಯಾಗೇ ಓದ್ದೆ ಕಣಪ್ಪ. ಪುಸ್ತಕ ಹಳೇದಂತೆ. ಅಲ್ಲೊಬ್ರು ಹೇಳಿದ್ರು."

"ನಾಳೆ ಬರ್ತೀರಾ ಅಕ್ಕ? ಮೇಡಂ ಇರ್ತಾರೆ. ಸರಿಯಾಗ್ ನೋಡಿ ಹೇಳ್ತೀನಿ."

"ನಾಳೆ ಆಗಕಿಲ್ಲ. ಶುಕ್ರವಾರ ಬತ್ತೀನಿ. ಇನ್ನೊಂದ್ಸಲ ರಜಾ ಕೇಳಿದ್ರೆ ಬರ್ಲೇಬ್ಯಾಡ ಅಂತಾರೆ. ಅರ್ಧ ದಿನ ಕೇಳ್ತೀನಿ."

ಗೇಟಿನ ಹೊರಗೆ ಒಬ್ಬ ಆಸಾಮಿ ಟಿವಿಎಸ್ ನಿಲ್ಲಿಸಿಕೊಂಡಿದ್ದ. ಸೀಟಿನ ಹಿಂದೆ ಎರಡು ಮಿಕ್ಸಿ ಕಟ್ಟಿತ್ತು. ರೇವಮ್ಮ ಹೋಗಿ ಅವನ ಪಕ್ಕ ನಡೆಯತೊಡಗಿದರು. ಹತ್ತಲಿಲ್ಲ. ಅವನೂ ಗಾಡಿ ತಳ್ಳಿಕೊಂಡೇ ನಡೆದ.


ಜೂನ್ 18

ಮೇಡಂಗೆ ಗುಬ್ಬಿ ಲೈಬ್ರರಿ ಚಾರ್ಜೂ ಇದೆ, ವಾರದಲ್ಲಿ ಅರ್ಧ ಅಲ್ಲಿ, ಅರ್ಧ ಇಲ್ಲಿ. ಇವತ್ತು ಬಂದ ತಕ್ಷಣ ಹೇಳಿಬಿಟ್ಟೆ. ಅವರು ಪುಸ್ತಕ ತಗೊಂಡು ಮೊದಲ ಪುಟ ತಿರುಗಿಸಿದರು. ಅಚ್ಚಾದ ವರ್ಷ 2012.

"ಕಾನೂನ್ ಪುಸ್ತಕ ಹಾಲಿನ ಪ್ಯಾಕೆಟ್ ಇದ್ದಂಗೆ ನಯೀಮ್. ಒಡೆಯೋಕ್ ಮುಂಚೆ ಡೇಟ್ ನೋಡ್ಬೇಕು."

ಇಷ್ಟೇ ಬೈಗುಳ. ಇನ್ನೂ ನಾಲ್ಕು ಮಾತು ಅಂದಿದ್ದರೆ ವಾಸಿಯಿತ್ತು.

ಕಂಪ್ಯೂಟರಿನಲ್ಲಿ ಇಬ್ಬರೂ ಕೂತು ಗೆಜೆಟ್ ಹುಡುಕಿದೆವು. 2023ರ ತಿದ್ದುಪಡಿ. ವರ್ಷ ದಾಟಿದ್ದಕ್ಕೆ ಈಗ ಎಸಿ ಆದೇಶ ಸಾಕು. ಕುಣಿಗಲ್ಲೂ ಗುಬ್ಬಿಯೂ ತುಮಕೂರು ಎಸಿ ಆಫೀಸಿಗೇ ಸೇರುತ್ತವೆ. ನಮ್ಮ ಲೈಬ್ರರಿಯಿಂದ ಆಟೋದಲ್ಲಿ ಹೋಗುವಷ್ಟು ದೂರ. ಇಷ್ಟು ಹತ್ತಿರದ ಕೆಲಸಕ್ಕೆ ಆಕೆಯನ್ನು ಕುಣಿಗಲ್ಲಿಗೆ ಕಳಿಸಿದ್ದೆ.

ಹಳೆಯ ಪುಸ್ತಕ ರದ್ದಿಗೆ ಹಾಕೋಣ ಅಂದೆ. ಮೇಡಂ ಬಿಡಲಿಲ್ಲ. "ಆಗ ಏನಿತ್ತು ಅಂತ ಕೇಳ್ಕೊಂಡ್ ಬರೋರೂ ಇರ್ತಾರೆ." ಆ ಪುಟಕ್ಕೆ ಒಂದು ಚೀಟಿ ಅಂಟಿಸಿದರು: ಇದು ಬದಲಾಗಿದೆ, ಹೊಸದು ನೋಡಿ. ಉಳಿದ ಕಾನೂನು ಪುಸ್ತಕಗಳನ್ನೆಲ್ಲ ಇಳಿಸಿ ಇಸವಿ ನೋಡುವ ಕೆಲಸ ನನಗೆ. ಧೂಳಿಗೆ ಸಂಜೆವರೆಗೆ ಸೀನು.

ಸದಾಶಿವಯ್ಯನವರು — "ಪರವಾಗಿಲ್ವೆ, ಅಂಗಡಿ ಸ್ಟಾಕ್ ಚೆಕಿಂಗಾ?"


ಜೂನ್ 20, ಶುಕ್ರವಾರ

ನಮಾಜ್ ಮುಗಿಸಿ ಬಂದೆ. ರೇವಮ್ಮ ಕಾಯುತ್ತಿದ್ದರು. ಈ ಸಲ ಹಾಲ್‌ನಲ್ಲಿ ಬೇಡ ಅಂತ ಹಿಂದಿನ ವರಾಂಡದಲ್ಲಿ, ನೀರಿನ ಡ್ರಮ್ಮಿನ ಹತ್ತಿರ ಸ್ಟೂಲ್ ಹಾಕಿದೆ. ಹೊಸ ಪುಟ ಓದಿದೆ. ನಿಧಾನವಾಗಿ. ಮೇಡಂ ಇನ್ನೊಂದು ಪುಟವೂ ತೆಗೆದಿಟ್ಟಿದ್ದರು — ಹೆಂಗಸರಿಗೆ ಸರ್ಕಾರವೇ ಉಚಿತ ವಕೀಲರನ್ನು ಕೊಡುತ್ತದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಅದನ್ನೂ ಓದಿದೆ. ಏನು ಮಾಡಬೇಕು ಅಂತ ಹೇಳಲಿಲ್ಲ. ಯಾಕೆ ಅಂತಲೂ ಕೇಳಲಿಲ್ಲ. ನಾಲಿಗೆ ತುದಿಯಲ್ಲಿತ್ತು. ನೀರು ಕುಡಿದು ನುಂಗಿದೆ.

ಆಮೇಲೆ ರೇವಮ್ಮ ತಾವೇ ಹೇಳಿದರು.

"ಮದ್ವೆ ಮಾಡ್ಕೊತೀನಿ ಕಣಪ್ಪ."

ಗೇಟಿನ ಹೊರಗಿನ ಆಸಾಮಿ. ಅಂಜನ್‌ಕುಮಾರ್. ಮಿಕ್ಸಿ, ಗ್ರೈಂಡರ್ ರಿಪೇರಿ. ಕ್ಯಾಂಟೀನಿನ ಗ್ರೈಂಡರ್ ಸರಿ ಮಾಡಲು ಬಂದವರು. "ಒಂದೇ ಗ್ರೈಂಡರ್‌ನ ಎಷ್ಟ್ ಸಲ ಸರಿ ಮಾಡಿದ್ರು ಗೊತ್ತಾ?" ಅಂತ ನಕ್ಕರು. ಮೊದಲ ಸಲ ನಗು ನೋಡಿದ್ದು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮೊದಲನೇ ಗಂಡ ಸತ್ತಿದ್ದಕ್ಕೆ ದಾಖಲೆ ಎಲ್ಲಿ ಅಂದರಂತೆ.

"ಗುಡೀಲಿ ತಾಳಿ ಕಟ್ಟುಸ್ಕೊ ಅಂತಾರೆ ಎಲ್ರೂ. ಬ್ಯಾಡ. ಮೊದ್ಲಿನ್ ಮದ್ವೆ ಎಲ್ಲೂ ಬರ್ದಿಲ್ಲ. ಅದ್ಕೇ ಊರೋರು ಏನ್ ಬೇಕಾದ್ರೂ ಅಂತಾರೆ, ಇಟ್ಕೊಂಡಿದ್ದ ಅಂತ್ಲೂ ಅಂದವ್ರೆ. ಇದಾದ್ರೂ ಬರ್ದಿರ್ಬೇಕು."

ಎಂಟು ವರ್ಷ ಸುಮ್ಮನಿದ್ದು ಈಗ್ಯಾಕೆ ಅಂತ ಹಾಲ್ ನಡುವೆ ಕೇಳಿದ್ದೆ ನಾನು.


ಜುಲೈ 1

ಅರ್ಜಿ ಹಾಕಿಯಾಗಿದೆ. ಉಚಿತ ವಕೀಲರೂ ಸಿಕ್ಕರು, ಅನುಪಮಾ ಅಂತ. ಇಪ್ಪತ್ಮೂರಕ್ಕೆ ಎಸಿ ಮುಂದೆ ವಿಚಾರಣೆ. ಸಾಯುವಾಗ ಹತ್ತಿರ ಇದ್ದವರು ಬಂದು ಹೇಳಬೇಕು. ಆಸ್ಪತ್ರೆ ಚೀಟಿ ಇಲ್ಲ, ಏನೂ ಇಲ್ಲ. ಅವತ್ತು ರೇವಮ್ಮ ಕೂಲಿಗೆ ಹೋಗಿದ್ದರು. ಮನೆಯಲ್ಲಿದ್ದದ್ದು ಅತ್ತೆ ಒಬ್ಬರೇ. ನರಸಿಂಹಮ್ಮ. ಈಗ ಕಿರಿಯ ಮಗನ ಮನೆಯಲ್ಲಿದ್ದಾರೆ. ಆ ಕಿರಿಯ ಮಗ ಈ ಮದುವೆ ಮಾತು ಕೇಳಿ ಊರವರಿಗೆಲ್ಲ ಹೇಳಿಬಿಟ್ಟಿದ್ದಾನೆ, ಯಾರೂ ಸಾಕ್ಷಿಗೆ ಹೋಗಬಾರದು ಅಂತ.

ಯಾರೂ ಬಾರದಿದ್ದರೆ ಅರ್ಜಿ ವಜಾ ಆಗುತ್ತದೆ. ಸರ್ಟಿಫಿಕೇಟ್ ಇಲ್ಲ, ಮದುವೆಯೂ ಇಲ್ಲ.


ಜುಲೈ 7, ಸೋಮವಾರ

ಲೈಬ್ರರಿ ರಜಾ. ರೇವಮ್ಮನ ಜೊತೆ ಕುಣಿಗಲ್ ಬಸ್ಸು ಹತ್ತಿದೆ. ಎಸಿ ಆಫೀಸಿನ ಕಾಗದ ಅತ್ತೆಗೆ ಓದಿ ಹೇಳಲು ಬಾ ಅಂತ ಕರೆದದ್ದು ಅವರೇ. ಮೇಡಂಗೆ ಹೇಳಿಲ್ಲ.

ನರಸಿಂಹಮ್ಮ ಅಂಗಳದಲ್ಲಿ ಮೊರದಲ್ಲಿ ರಾಗಿ ಕೇರುತ್ತಿದ್ದರು. ಮಗ ಮನೆಯಲ್ಲಿರಲಿಲ್ಲ.

"ಯಾರೇ ಈ ಹುಡ್ಗ?"

"ಲೈಬ್ರರಿಯವ್ನು ಅತ್ತೆ."

"ಹಂಗಂದ್ರೆ?"

"ಪುಸ್ತಕ ಇಕ್ಕಿರೋ ಕಡೆ."

"ಪುಸ್ತಕದೋನಿಗೆ ನಮ್ ಮನೇಲೇನು ಕೆಲ್ಸ?"

ಕಾಗದ ತೆಗೆದು ಓದಿದೆ. ಕೇರುತ್ತಲೇ ಇದ್ದರು. ಮೃತರ ಹೆಸರು ಅಂತ ಓದಿ ಅವರ ಮಗನ ಹೆಸರು ಹೇಳಿದಾಗ ಕೈ ನಿಂತಿತು.

"ಸಾಕು ನಿಲ್ಸಪ್ಪ." ಮೊರ ಕೆಳಗಿಟ್ಟರು. "ಇವ್ಳು ಹೋಯ್ತಾಳೆ, ಹೋಗ್ಲಿ ಬುಡು. ವಯಸ್ಸಿನೋಳು. ನಾನ್ಯಾವತ್ತಾದ್ರೂ ಬ್ಯಾಡ ಅಂದಿದೀನಾ? ಆದ್ರೆ ನನ್ ಮಗ ಸತ್ತ ಅಂತ ನನ್ ಬಾಯಲ್ಲೇ ಯಾಕ್ ಹೇಳಿಸ್ತೀರಿ? ಸರ್ಕಾರ್ದೋರ್ ಮುಂದೆ?"

ಉತ್ತರ ಕೊಡಬೇಕು ಅನ್ನಿಸಿತು. ಇದಕ್ಕೆ ನನ್ನ ಹತ್ತಿರ ಪುಟ ಇಲ್ಲ. "ಇಪ್ಪತ್ಮೂರನೇ ತಾರೀಕು ಅಜ್ಜಿ. ಟೌನಿಗೆ ಬಂದ್ರೆ ಬಸ್ ಸ್ಟ್ಯಾಂಡಲ್ಲಿ ಲೈಬ್ರರಿ ಎಲ್ಲಿ ಅಂತ ಕೇಳಿ. ನಾನಿರ್ತೀನಿ" ಅಂದೆ.

ಹೊರಡುತ್ತಿದ್ದವರನ್ನು ತಡೆದರು. "ಸಾಬ್ರ ಹುಡ್ಗ, ನಮ್ಮನೇಲಿ ಉಣ್ತೀಯಾ?"

"ಹಾಕಿದ್ರೆ ಉಣ್ತೀನಿ ಅಜ್ಜಿ."

ಮುದ್ದೆ, ಉಪ್ಸಾರು. ಸೊಸೆಗೆ ತಾವೇ ಬಡಿಸಿದರು.

ಬಸ್ಸಿನಲ್ಲಿ ರೇವಮ್ಮ ಕಿಟಕಿ ಕಡೆ ನೋಡುತ್ತಾ ಅಂದದ್ದು ಒಂದೇ: "ಮುದ್ದೆ ಮೊದ್ಲಿಗಿಂತ ಸಣ್ಣ ಕಟ್ತಾವ್ರೆ ಅತ್ತೆ. ಕೈಯಾಗೆ ಬಲ ಇಲ್ಲ."


ಜುಲೈ 9

ಮೇಡಂಗೆ ಹೇಳಿದೆ, ಹಳ್ಳಿಗೆ ಹೋಗಿದ್ದು. ರಿಜಿಸ್ಟರಿನಿಂದ ತಲೆ ಎತ್ತಿದರು.

"ಅಲ್ಲೇನ್ ಹೇಳಿ ಬಂದೆ?"

"ಏನೂ ಇಲ್ಲ ಮೇಡಂ. ಓದ್ದೆ. ಊಟ ಮಾಡ್ದೆ."

"ಒತ್ತಾಯ ಮಾಡಿಲ್ವಾ?"

"ಇಲ್ಲ."

ತಲೆ ಆಡಿಸಿ ರಿಜಿಸ್ಟರಿಗೆ ಸೈನ್ ಹಾಕತೊಡಗಿದರು. ಒಪ್ಪಿಗೆಯೋ ಏನೋ ಗೊತ್ತಾಗಲಿಲ್ಲ.


ಜುಲೈ 22, ಮಂಗಳವಾರ

ಊರಿಂದ ಸುದ್ದಿ ಇಲ್ಲ. ರೇವಮ್ಮ ಫೋನ್ ಮಾಡಿದರೆ ಮೈದುನ ಎತ್ತುತ್ತಾನೆ, ಅತ್ತೆಗೆ ಕೊಡುವುದಿಲ್ಲ. ಬೇರೆ ಸಾಕ್ಷಿ ಸಿಗಲಿಲ್ಲ. ಅನುಪಮಾ ಮೇಡಂ ಇನ್ನೊಂದು ತಾರೀಕು ಕೇಳುತ್ತಾರಂತೆ, ಕೊಟ್ಟರೆ ಕೊಟ್ಟರು. ಇನ್ನೊಂದು ತಾರೀಕಿಗೆ ಮಾತ್ರ ಯಾರು ಬರುತ್ತಾರೆ?

ತೌಹೀದ್ ಫೋನ್. ಆ ಪ್ಯಾಕಿಂಗ್ ಕೆಲಸಕ್ಕೆ ಬೇರೆಯವರನ್ನು ತಗೊಂಡರಂತೆ. ಹೌದಾ ಅಂದೆ. ಇಟ್ಟ ಮೇಲೆ ನೆನಪಾಯಿತು, ಯಾವ ಕೆಲಸ ಅಂತ.


ಜುಲೈ 23, ಬುಧವಾರ, ಬೆಳಿಗ್ಗೆ ಹತ್ತೂವರೆ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಹೇಗೋ ಇರಲಿ.

ಬಾಗಿಲಲ್ಲಿ ನರಸಿಂಹಮ್ಮ. ಒಬ್ಬರೇ. ಹಸಿರು ಸೀರೆ, ಕಂಕುಳಲ್ಲಿ ಬಟ್ಟೆ ಚೀಲ. ಮಗ ಹಾಲು ಹಾಕಲು ಡೈರಿಗೆ ಹೋದಾಗ ಬಸ್ಸು ಹತ್ತಿದರಂತೆ. ಬಸ್ ಸ್ಟ್ಯಾಂಡಿನಿಂದ ಕೇಳುತ್ತಾ ಕೇಳುತ್ತಾ ನಡೆದೇ ಬಂದಿದ್ದಾರೆ.

"ಎಲ್ಲವ್ಳೆ ನನ್ ಸೊಸೆ?"

"ಎಸಿ ಆಫೀಸಲ್ಲಿದ್ದಾರೆ ಅಜ್ಜಿ. ಹನ್ನೊಂದಕ್ಕೆ ಕೂಗ್ತಾರೆ."

"ನಡಿ ಮತ್ತೆ. ಬ್ಯಾರೆ ಯಾರೋ ಹೋಗಿ ತಪ್ ತಪ್ಪು ಹೇಳ್ಬುಟ್ರೆ? ಬೆಳಿಗ್ಗೆ ಹೋದ್ನೋ ಸಾಯಂಕಾಲ ಹೋದ್ನೋ ಅವ್ರಿಗೇನ್ ಗೊತ್ತು? ಮಡಿಲಲ್ಲಿ ತಲೆ ಇಟ್ಕೊಂಡಿದ್ದೋಳು ನಾನು."

ರೇವಮ್ಮನಿಗೆ ಫೋನ್ ಮಾಡಿದೆ. ಅಂಜನ್‌ಕುಮಾರ್ ಎತ್ತಿದರು. "ಅತ್ತೆ ಬಂದವ್ರೆ" ಅಂತ ಆ ಕಡೆ ಹೇಳಿದ್ದು ಕೇಳಿಸಿತು. ಆಮೇಲೆ ಬರೀ ಆಫೀಸಿನ ಗಲಾಟೆ.

ಮೇಡಂ ಇವತ್ತು ಗುಬ್ಬಿಯಲ್ಲಿ. ರಿಂಗ್ ಆಗುತ್ತಿದೆ, ಎತ್ತುತ್ತಿಲ್ಲ. ಮೆಸೇಜ್ ಹಾಕಿದೆ: ಬಾಗಿಲು ಹಾಕಿ ಹೋಗುತ್ತಿದ್ದೇನೆ, ಬಂದು ಹೇಳುತ್ತೇನೆ. ಡ್ಯೂಟಿ ಟೈಮಿನಲ್ಲಿ ಹಾಲ್ ಮುಚ್ಚುವುದು ತಪ್ಪು. ಗೊತ್ತು. ಅಜ್ಜಿಯನ್ನು ಆಟೋದವನ ಹತ್ತಿರ ಎಸಿ ಆಫೀಸು ಅಂತ ಹೇಳಿ ಕಳಿಸಿದರೆ ಆಗುತ್ತದಾ? ಆ ಕಟ್ಟಡದಲ್ಲಿ ನನಗೇ ದಾರಿ ತಪ್ಪುತ್ತದೆ.

ಒಳಗಿರುವುದು ಸದಾಶಿವಯ್ಯನವರೊಬ್ಬರೇ. ಏಳಿ ಸರ್, ಬಾಗಿಲು ಹಾಕಬೇಕು ಅಂದೆ. ಪೇಪರಿನಿಂದ ತಲೆ ಎತ್ತಲಿಲ್ಲ. "ನನ್ನ ಒಳಗಿಟ್ಟೇ ಹಾಕ್ಕೊಂಡ್ ಹೋಗಪ್ಪ. ಎರಡನೇ ಪುಟಾನೇ ಮುಗ್ದಿಲ್ಲ. ಆ ಯಮ್ಮನ್ನ ಕೈ ಹಿಡ್ಕೊಂಡ್ ಹತ್ತಿಸು, ಆಟೋ ಎತ್ರ ಇರ್ತದೆ."

ಆಟೋ ಬರುತ್ತಿದೆ. ಅಜ್ಜಿ ವರಾಂಡದಲ್ಲಿ ಮುಖ ತೊಳೆಯುತ್ತಿದ್ದಾರೆ. ಅಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ.

ಸೆರಗಿನಿಂದ ಮುಖ ಒರೆಸಿಕೊಂಡು ಬಂದರು. ಟೇಬಲ್ಲಿನ ಮುಂದೆ, ಬಂದವರೆಲ್ಲ ನಿಂತು ಕೇಳುವ ಜಾಗದಲ್ಲೇ ನಿಂತರು. ದನಿ ತಗ್ಗಿಸಿದರು.

"ಒಂದ್ ಮಾತು ಕೇಳ್ಲಾ ಮಗ? ಅಲ್ಲಿ ಅತ್ರೆ ಬೈತಾರಾ?"

ಗೊತ್ತಿಲ್ಲ ಅಜ್ಜಿ ಅಂದೆ. ಪಕ್ಕದಲ್ಲೇ ನಿಂತಿರ್ತೀನಿ ಅಂದೆ.

ಹಾರ್ನ್. ಚೀಲ ನಾನು ಹಿಡಿದುಕೊಂಡೆ. ಇನ್ನು ಪೆನ್ನು ಜೇಬಿಗೆ. ಸದಾಶಿವಯ್ಯನವರು ಒಳಗೇ ಇರಲಿ, ಬಾಗಿಲು ಎಳೆದುಕೊಂಡು ಹೊರಟೆ.